ಕೊನೆಯ ಮನೆಯ ಪಕ್ಕದ್ದೇ ಮೊದಲ ಮನೆ

ಜಯನಗರದ ನಕ್ಷೆ ಎದುರಿಗಿದ್ದರೆ ಗಾಳಿಯ ಲೆಕ್ಕ ಹಾಕುವವರಿಗೆ ಒಂದು ಆಸೆ ಹುಟ್ಟುತ್ತದೆ. 1948ರಲ್ಲಿ ಶುರುವಾದ ಈ ಬಡಾವಣೆಯನ್ನು ಬ್ಲಾಕು, ಮೇನು, ಕ್ರಾಸು ಎಂದು ಗೆರೆ ಎಳೆದೇ ಕಟ್ಟಿದ್ದು. ಒಂದು ಕ್ರಾಸು, ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಸೈಟು, ಮತ್ತೆ ಕ್ರಾಸು. ಬಂದದ್ದೇ ಮತ್ತೆ ಬರುತ್ತಿರುವಾಗ ಇಡೀ ಬಡಾವಣೆಯನ್ನು ಕಂಪ್ಯೂಟರಿಗೆ ತುಂಬಿಸುವುದೇಕೆ? ಒಂದು ತುಂಡು ತೆಗೆದುಕೊಂಡು, ಅದರ ಬಲ ಅಂಚಿನಿಂದ ಹೊರಟ ಗಾಳಿ ಎಡ ಅಂಚಿನಿಂದ ಒಳಗೆ ಬರುತ್ತದೆ ಎಂದು ಬರೆದುಬಿಟ್ಟರೆ ಆಗದೆ?

ಆಗುತ್ತದೆ, ಷರತ್ತುಗಳಿವೆ. ಈ ಏರ್ಪಾಡಿಗೆ ಪೀರಿಯಾಡಿಕ್ ಬೌಂಡರಿ ಎನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಆವರ್ತಕ ಗಡಿ. ಗಾಳಿ, ನೀರು, ಶಾಖ, ಸ್ಫಟಿಕದ ಕಂಪನ, ಯಾವುದರ ಸಿಮ್ಯುಲೇಷನ್ ಮಾಡಿದರೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಸಾಫ್ಟ್‌ವೇರಿನ ಮೆನುವಿನಲ್ಲಿ ಒಂದು ಕ್ಲಿಕ್ಕಿನ ಕೆಲಸ. ಆ ಕ್ಲಿಕ್ಕಿನ ಹಿಂದೆ ಏನು ನಡೆಯುತ್ತದೆ ಎಂದು ತಿಳಿಯದಿದ್ದರೆ ಉತ್ತರ ನೋಡಲು ಚೆನ್ನಾಗಿರುತ್ತದೆ, ನಂಬಲು ಬರುವುದಿಲ್ಲ.

ಮೊದಲು ಉಳಿತಾಯದ ಲೆಕ್ಕ. 2 ಕಿಲೋಮೀಟರ್ ಉದ್ದ, ಅಷ್ಟೇ ಅಗಲ, 60 ಮೀಟರ್ ಎತ್ತರದ ಜಾಗವನ್ನು ಅರ್ಧ ಮೀಟರಿನ ಕೋಶಗಳಾಗಿ ಕತ್ತರಿಸಿದರೆ 192 ಕೋಟಿ ಕೋಶ. ಈಗ ಒಂದು ಮಾದರಿ ತುಂಡು ಹಿಡಿಯೋಣ. ಸೈಟು 30×40 ಅಡಿ. ಕ್ರಾಸಿನ ಉದ್ದಕ್ಕೆ ಹನ್ನೆರಡು ಸೈಟು, ಆಮೇಲೆ 40 ಅಡಿಯ ಮೇನ್ ರೋಡು: ಒಟ್ಟು 400 ಅಡಿ, ಅಂದರೆ 121.92 ಮೀಟರ್. ಅಡ್ಡಕ್ಕೆ 40 ಅಡಿಯ ಎರಡು ಸೈಟು, 30 ಅಡಿಯ ಕ್ರಾಸು: 110 ಅಡಿ, 33.528 ಮೀಟರ್. ಅಡ್ಡಕ್ಕೆ ಇಂಥ ನಾಲ್ಕು ಸಾಲು ಇಟ್ಟರೆ 134 ಮೀಟರ್ ಚಿಲ್ಲರೆ. ಅದೇ ಎತ್ತರ, ಅದೇ ಅರ್ಧ ಮೀಟರಿನ ಕೋಶ ಎಂದರೆ ಸುಮಾರು 78 ಲಕ್ಷ. ಕೆಲಸ 245ರಲ್ಲಿ ಒಂದು ಪಾಲಿಗೆ ಇಳಿಯಿತು. ನಿಜದ ಜಯನಗರದಲ್ಲಿ ಸೈಟುಗಳು ಎಲ್ಲ ಕಡೆಯೂ ಒಂದೇ ಅಳತೆಯವಲ್ಲ, ಇದು ಲೆಕ್ಕಕ್ಕೆಂದು ಹಿಡಿದ ಜಯನಗರ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹೊಲಿಗೆ ಎಲ್ಲಿ, ಹೇಗೆ

ಚೌಕಳಿ ಲುಂಗಿಯ ಎರಡು ಅಂಚು ಸೇರಿಸಿ ಹೊಲಿಯುವುದನ್ನು ನೆನೆಸಿಕೊಳ್ಳಿ. ಹೊಲಿದ ಮೇಲೆ ಅದಕ್ಕೆ ಎಡ ಅಂಚೂ ಇಲ್ಲ, ಬಲ ಅಂಚೂ ಇಲ್ಲ. ಟೈಲರ್ ಗೆರೆಗೆ ಗೆರೆ ಕೂಡಿಸಿದ್ದರೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅರ್ಧ ಇಂಚು ಜಾರಿಸಿದ್ದರೆ ದೂರದಿಂದಲೇ ಕಾಣುತ್ತದೆ. ಜಾಗವನ್ನು ಕತ್ತರಿಸಿದ ಕೋಶಗಳ ಜಾಲಕ್ಕೆ ಮೆಶ್ ಎನ್ನುತ್ತಾರೆ; ಅದರಲ್ಲೂ ಕೆಲಸ ಇಷ್ಟೇ, ಗೆರೆಗೆ ಗೆರೆ ಕೂಡಬೇಕು.

ಎಂಟು ಕೋಶಗಳ ಒಂದು ಸಾಲು ತೆಗೆದುಕೊಂಡು ನೋಡಿದರೆ ಎಲ್ಲವೂ ತಿಳಿಯುತ್ತದೆ. ಕೋಶಗಳಿಗೆ 0ಯಿಂದ 7ರವರೆಗೆ ನಂಬರು. 3ರ ನೆರೆಯವರು 2 ಮತ್ತು 4. 7ರ ಬಲಕ್ಕೆ ಯಾರು? 8 ಇಲ್ಲ, ಆದ್ದರಿಂದ 0. 0ಯ ಎಡಕ್ಕೆ 7. ಕೋಡಿನಲ್ಲಿ ಇದನ್ನು 8ರಿಂದ ಭಾಗಿಸಿ ಉಳಿದ ಶೇಷ ಎಂದು ಬರೆಯುತ್ತಾರೆ: 8ರ ಶೇಷ 0, ಸರಿಯಾಯಿತು. ಎಡಕ್ಕೆ ಹೋಗುವಾಗ ಮೈನಸ್ 1ರ ಶೇಷ ಬೇಕಾಗುತ್ತದೆ, ಅಲ್ಲಿ ಭಾಷೆಗಳ ಜಗಳ ಶುರು. ಪೈಥಾನ್ 7 ಎನ್ನುತ್ತದೆ. ಸಿ ಭಾಷೆ ಮೈನಸ್ 1 ಎಂದೇ ಕೊಡುತ್ತದೆ, ಅರೇಯ ಆಚೆಗೆ ಕೈ ಹಾಕುತ್ತದೆ. ಫೋರ್ಟ್ರಾನಿನಲ್ಲಿ ಮಾಡ್ ಎಂದರೆ ಒಂದು ಉತ್ತರ, ಮಾಡ್ಯುಲೋ ಎಂದರೆ ಇನ್ನೊಂದು. ಪೈಥಾನಿನಲ್ಲಿ ಬರೆದು ಪರೀಕ್ಷಿಸಿ ಆಮೇಲೆ ವೇಗಕ್ಕೆಂದು ಸಿಗೆ ಬದಲಾಯಿಸುವವರು ಈ ಗುಂಡಿಗೆ ಬೀಳುತ್ತಲೇ ಇರುತ್ತಾರೆ. ಶೇಷ ತೆಗೆಯುವ ಮೊದಲು 8 ಕೂಡಿಸಿಬಿಟ್ಟರೆ ಯಾವ ಭಾಷೆಯಾದರೂ ಸರಿ.

ಎಂಟು ಕೋಶಕ್ಕೆ ಬಿಂದುಗಳು ಒಂಬತ್ತು. ಆದರೆ ಒಂಬತ್ತನೆಯದೂ ಮೊದಲನೆಯದೂ ಒಂದೇ ಬಿಂದು. ಮೆಶ್ ಫೈಲಿನಲ್ಲಿ ಎರಡಕ್ಕೂ ಬೇರೆ ಬೇರೆ ನಂಬರು ಇದ್ದು ಕೋಡಿಗೆ ಅದು ತಿಳಿಯದಿದ್ದರೆ, ಸರಾಸರಿ ತೆಗೆಯುವಾಗ ಅದೊಂದು ಬಿಂದುವಿಗೆ ಎರಡು ಓಟು ಬಿದ್ದಂತಾಗುತ್ತದೆ. ಬೆಲೆಗಳನ್ನು ಅಲೆಗಳ ಮೊತ್ತವಾಗಿ ಬರೆಯುವ ಫೋರಿಯರ್ ವಿಧಾನ ಬಳಸುವವರಿಗಂತೂ ಈ ಒಂದು ಹೆಚ್ಚುವರಿ ಬಿಂದು ಇಡೀ ತರಂಗಪಟ್ಟಿಯನ್ನು ಕೆಡಿಸುತ್ತದೆ.

ದೂರದ ಲೆಕ್ಕ ಇನ್ನೊಂದು ಜಾಗ. ನಾವು ಕತ್ತರಿಸಿಕೊಂಡ ತುಂಡನ್ನು ಪೆಟ್ಟಿಗೆ ಎನ್ನೋಣ, ಅದರ ಉದ್ದ 10 ಎಂದುಕೊಳ್ಳಿ. ಒಂದು ಕೋಶದ ನಡುಬಿಂದು 9.5ರಲ್ಲಿ, ಅದರ ಬಲ ನೆರೆಯದು 0.5ರಲ್ಲಿ. ಹಾಗೇ ಕಳೆದರೆ ಮೈನಸ್ 9 ಬರುತ್ತದೆ. ನಿಜವಾದ ದೂರ 1. ಇಳಿಜಾರು ಎಂದರೆ ಬೆಲೆಯ ವ್ಯತ್ಯಾಸವನ್ನು ದೂರದಿಂದ ಭಾಗಿಸಿದ್ದು. ದೂರ ತಪ್ಪಿದರೆ ಅಂಚಿನ ಒಂದು ಪದರದಲ್ಲಿ ಮಾತ್ರ ಇಳಿಜಾರು ಒಂಬತ್ತರಲ್ಲಿ ಒಂದು ಪಾಲಾಗಿ, ಅದೂ ಚಿಹ್ನೆ ತಿರುಗಿ ಕೂರುತ್ತದೆ. ಪರಿಹಾರ ಸುಲಭ: ವ್ಯತ್ಯಾಸವನ್ನು ಪೆಟ್ಟಿಗೆಯ ಉದ್ದದಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಅಷ್ಟು ಉದ್ದಗಳನ್ನು ಕಳೆಯುವುದು. ಮೈನಸ್ 9ನ್ನು 10ರಿಂದ ಭಾಗಿಸಿದರೆ ಮೈನಸ್ 0.9, ಹತ್ತಿರದ ಪೂರ್ಣಾಂಕ ಮೈನಸ್ 1, ಆದ್ದರಿಂದ 10 ಕೂಡಿಸು, 1 ಬಂತು. ಅಣುಗಳ ಸಿಮ್ಯುಲೇಷನ್ ಮಾಡುವವರು ದಿನಕ್ಕೆ ಕೋಟಿಗಟ್ಟಲೆ ಸಲ ಮಾಡಿಸುವ ಲೆಕ್ಕ ಇದು.

ದೊಡ್ಡ ಕೋಡುಗಳು ಪ್ರತಿ ಸಲವೂ ಶೇಷ ತೆಗೆಯುತ್ತ ಕೂರುವುದಿಲ್ಲ. ಅಂಚಿನ ಆಚೆ ಒಂದೆರಡು ಪದರ ಸುಳ್ಳು ಕೋಶಗಳನ್ನು ಇಟ್ಟು, ಪ್ರತಿ ಹೆಜ್ಜೆಗೂ ಮೊದಲು ಎದುರು ಅಂಚಿನ ಬೆಲೆಗಳನ್ನು ಅವಕ್ಕೆ ನಕಲು ಮಾಡುತ್ತವೆ. ಇವಕ್ಕೆ ಘೋಸ್ಟ್ ಸೆಲ್ ಎಂದು ಹೆಸರು. ಎರಡು ದಿಕ್ಕಿನಲ್ಲೂ ಆವರ್ತನೆ ಇದ್ದರೆ ಮೂಲೆಯ ಘೋಸ್ಟ್‌ಗಳು ಬಿಟ್ಟುಹೋಗುತ್ತವೆ. ಮೊದಲು ಪೂರ್ವ–ಪಶ್ಚಿಮ ತುಂಬಿ, ಆಮೇಲೆ ಉತ್ತರ–ದಕ್ಷಿಣ ತುಂಬುವಾಗ ಈಗಾಗಲೇ ತುಂಬಿದ ಘೋಸ್ಟ್‌ಗಳನ್ನೂ ಸೇರಿಸಿ ಇಡೀ ಸಾಲನ್ನು ನಕಲು ಮಾಡಿದರೆ ಮೂಲೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಹಲವು ಪ್ರೊಸೆಸರ್‌ಗಳಿಗೆ ಕೆಲಸ ಹಂಚಿದಾಗ ಎಡ ಅಂಚು ಒಂದರ ಬಳಿ, ಬಲ ಅಂಚು ಇನ್ನೊಂದರ ಬಳಿ ಇರುತ್ತದೆ. ನಕಲು ಎಂಬುದು ಆಗ ಸಂದೇಶ ಕಳಿಸುವ ಕೆಲಸ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ 1986ರಲ್ಲಿ ಹರಿವಿನ ಲೆಕ್ಕಕ್ಕೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು, ಹವಾಮಾನದ ಮಾದರಿಗಳೂ ಅದರ ಮೇಲೆ ಓಡಿದವು. ಭೂಗೋಳದ ಮಾದರಿಯಲ್ಲಿ ಆವರ್ತನೆ ನಾವು ಹೇರಿದ್ದಲ್ಲ. ರೇಖಾಂಶ 360 ಮತ್ತು ರೇಖಾಂಶ 0 ನಿಜಕ್ಕೂ ಒಂದೇ ಗೆರೆ. ಪೀರಿಯಾಡಿಕ್ ಬೌಂಡರಿ ಪೂರ್ತಿ ಸತ್ಯವಾಗಿರುವ ಅಪರೂಪದ ಜಾಗ ಅದು.

ಮೆಶ್ ಮಾಡುವಾಗ

ಸಾಲು ಕೋಶಗಳಲ್ಲಿ ಗೆರೆ ಕೂಡಿಸುವುದು ಸುಲಭ. ಮನೆ, ಪೋರ್ಟಿಕೋ, ನೀರಿನ ಟ್ಯಾಂಕು ಎಲ್ಲ ಇರುವ ತ್ರಿಕೋನ ಜಾಲದಲ್ಲಿ ಎರಡು ಎದುರು ಮುಖಗಳನ್ನು ಬೇರೆ ಬೇರೆಯಾಗಿ ಮೆಶ್ ಮಾಡಿದರೆ ಎಂದಿಗೂ ಕೂಡುವುದಿಲ್ಲ. ಕ್ರಮ ಹೀಗಿರಬೇಕು: ಎಡ ಮುಖದ ಮೇಲೆ ಮಾತ್ರ ಮೇಲ್ಮೈ ಜಾಲ ಹಾಕಿ, ಅದನ್ನು ಪೆಟ್ಟಿಗೆಯ ಉದ್ದದಷ್ಟು ಸರಿಸಿ ಬಲ ಮುಖಕ್ಕೆ ಅಂಟಿಸಿ, ಆಮೇಲೆ ಒಳಗಿನ ಜಾಗ ತುಂಬುವುದು. ಉಚಿತವಾಗಿ ಸಿಗುವ ಜಿಮೆಶ್‌ನಲ್ಲಿ ಈ ಮುಖ ಆ ಮುಖದ ನಕಲು, ಇಷ್ಟು ದೂರ ಸರಿದದ್ದು ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಒಳಗೆಲ್ಲ ತುಂಬಿದ ಮೇಲೆ ಅಂಚು ಹೊಂದಿಸಲು ಹೊರಟರೆ ಎರಡು ದಿನ ಹೋಗುತ್ತದೆ, ಕೊನೆಗೆ ಮತ್ತೆ ಮೊದಲಿನಿಂದಲೇ ಮಾಡುತ್ತೀರಿ.

ಕೋಶದ ಅಳತೆ ಮೊದಲು ತೀರ್ಮಾನಿಸಿ ಪೆಟ್ಟಿಗೆಯನ್ನು ಅದಕ್ಕೆ ಬಗ್ಗಿಸಬಾರದು. ನಮ್ಮ ಅಡ್ಡ ಅಳತೆ 33.528 ಮೀಟರ್. ಅರ್ಧ ಮೀಟರಿನ ಕೋಶ ಎಂದು ಹಟ ಹಿಡಿದರೆ 67 ಕೋಶ ಹಿಡಿದು ಇನ್ನೂ 28 ಮಿಲಿಮೀಟರ್ ಉಳಿಯುತ್ತದೆ. ಆ 28 ಮಿಲಿಮೀಟರನ್ನು ಮೆಶರ್ ಎಲ್ಲೋ ಒಂದು ಕಡೆ ತೆಳ್ಳನೆಯ ಸೀಳಾಗಿ ತುರುಕುತ್ತದೆ, ಆ ಸೀಳು ಕೋಶಗಳಿಂದಾಗಿ ಕಾಲದ ಹೆಜ್ಜೆ ಇಡೀ ಲೆಕ್ಕಕ್ಕೇ ಸಣ್ಣದಾಗುತ್ತದೆ. 33.528ನ್ನು 67ರಿಂದ ಭಾಗಿಸಿ ಬಂದ 0.5004 ಮೀಟರನ್ನೇ ಕೋಶದ ಅಳತೆ ಎಂದುಕೊಂಡರೆ ಮುಗಿಯಿತು. ಉದ್ದಕ್ಕೂ ಹಾಗೆಯೇ: 121.92ನ್ನು 244 ಭಾಗ.

ಅಡಿಯಿಂದ ಮೀಟರಿಗೆ, ಮಿಲಿಮೀಟರಿನಿಂದ ಮೀಟರಿಗೆ ಬದಲಾಯಿಸುವಾಗ ದಶಾಂಶಗಳನ್ನು ಕತ್ತರಿಸುವ ಚಟ ಬಿಡಬೇಕು. ಎಡ ಮುಖ 0ಯಲ್ಲಿ, ಬಲ ಮುಖ 33.53ರಲ್ಲಿ, ಆದರೆ ಸರಿಸುವ ದೂರ 33.528 ಎಂದು ಬರೆದಿದ್ದರೆ, ಸಮೀಕರಣ ಬಿಡಿಸುವ ಸಾಲ್ವರ್ ಜೋಡಿ ಸಿಗಲಿಲ್ಲ ಎಂದು ನಿಲ್ಲುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಹೊಂದಿಕೆಯಲ್ಲಿ ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬ ಸಹನೆಯ ಅಂಕಿಯನ್ನು ಹತ್ತು ಪಟ್ಟು, ನೂರು ಪಟ್ಟು ಏರಿಸುವುದು. ಎಚ್ಚರಿಕೆ ಮಾಯವಾಗುತ್ತದೆ. ಗೋಡೆಯ ಬಳಿ ಕೋಶಗಳು ತೆಳುವಾಗಿರುವ ಕಡೆ ಸಹನೆ ಕೋಶಕ್ಕಿಂತ ದೊಡ್ಡದಾಗಿ, ಒಂದು ಕೋಶ ಪಕ್ಕದ ಮನೆಯ ಜೋಡಿಯನ್ನು ಕಟ್ಟಿಕೊಂಡು ಕೂತಿರುತ್ತದೆ. ಸಹನೆ ಏರಿಸುವ ಮುನ್ನ ಎರಡು ಮುಖಗಳ ವಿಸ್ತೀರ್ಣವನ್ನು ಬೇರೆ ಬೇರೆಯಾಗಿ ಕೂಡಿಸಿ ನೋಡಿ. ಅವು ಕೊನೆಯ ಅಂಕಿಯವರೆಗೂ ಒಂದೇ ಆಗಿರಬೇಕು.

ಹೊಲಿಗೆಯನ್ನು ರಸ್ತೆಯ ನಡುವೆ ಇಡಬೇಕೋ, ಮನೆಯನ್ನು ಸೀಳಿಕೊಂಡು ಹೋಗಬೇಕೋ? ಭೌತಶಾಸ್ತ್ರಕ್ಕೆ ಎರಡೂ ಒಂದೇ. ಮೆಶ್ ಮಾಡುವವರಿಗೆ ರಸ್ತೆಯ ನಡುವೆಯೇ ವಾಸಿ. ಅಲ್ಲಿ ಮುಖ ಚಪ್ಪಟೆ, ಮೂಲೆಗಳಿಲ್ಲ, ಎರಡೂ ಕಡೆ ನಕಲು ಮಾಡುವುದು ಸಲೀಸು.

ಕೆಲವೊಮ್ಮೆ ಗೆರೆಗೆ ಗೆರೆ ಕೂಡಿಸಲು ಸಾಧ್ಯವೇ ಇರುವುದಿಲ್ಲ. ಆಗ ಎರಡು ಮುಖಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಕೋಶದ ಮುಖವನ್ನು ಎದುರಿನ ಯಾವ ಯಾವ ಮುಖಗಳು ಎಷ್ಟೆಷ್ಟು ಮುಚ್ಚಿವೆ ಎಂದು ಅಳೆದು, ಆ ಪಾಲಿನಷ್ಟು ಬೆಲೆ ಬೆರೆಸುತ್ತಾರೆ. ಹರಿವಿನ ಲೆಕ್ಕದ ಸಾಫ್ಟ್‌ವೇರ್ ಓಪನ್‌ಫೋಮ್‌ನಲ್ಲಿ ಸೈಕ್ಲಿಕ್ ಎಂದರೆ ನಿಖರ ಜೋಡಿ, ಸೈಕ್ಲಿಕ್ ಎಎಂಐ ಎಂದರೆ ಈ ಬೆರಕೆ. ಲೆಕ್ಕ ಶುರುವಾಗುವಾಗ ಅದು ಪಾಲುಗಳ ಮೊತ್ತ ಎಷ್ಟೆಂದು ಅಚ್ಚು ಮಾಡುತ್ತದೆ. ಆ ಸಾಲನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ಎಲ್ಲ ಮುಖಗಳಲ್ಲೂ ಮೊತ್ತ 1ಕ್ಕೆ ತೀರ ಹತ್ತಿರ ಇರಬೇಕು. ಕನಿಷ್ಠ ಬೆಲೆ 0.8 ಎಂದು ಬಂದರೆ ಎಲ್ಲೋ ಒಂದು ಕೋಶದ ಐದನೇ ಒಂದು ಭಾಗ ಗೋಡೆಯೂ ಅಲ್ಲದ, ಗಾಳಿಯೂ ಅಲ್ಲದ ಜಾಗವನ್ನು ನೋಡುತ್ತಿದೆ.

ದೂಡುವವರು ಯಾರು?

ನಮ್ಮ ಪೆಟ್ಟಿಗೆಗೆ ಈಗ ಒಳಬಾಗಿಲೂ ಇಲ್ಲ, ಹೊರಬಾಗಿಲೂ ಇಲ್ಲ. ಮನೆಗಳು ಗಾಳಿಯನ್ನು ತಡೆಯುತ್ತಲೇ ಇರುತ್ತವೆ. ದೂಡುವ ಶಕ್ತಿ ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಎಲ್ಲ ನಿಂತುಹೋಗುತ್ತದೆ. ಒತ್ತಡ ಗಾಳಿಯ ದಿಕ್ಕಿನಲ್ಲಿ ಕಡಿಮೆಯಾಗುತ್ತ ಹೋಗಬೇಕು. ಆದರೆ ಎಡ ಅಂಚಿನ ಒತ್ತಡವೂ ಬಲ ಅಂಚಿನ ಒತ್ತಡವೂ ಒಂದೇ ಎಂದು ಈಗಾಗಲೇ ಬರೆದುಕೊಟ್ಟಿದ್ದೇವೆ. ಈ ಗಂಟನ್ನು ಬಿಡಿಸುವ ರೀತಿಯನ್ನು 1977ರಲ್ಲಿ ಪಾಟಣ್ಕರ್, ಲಿಯು ಮತ್ತು ಸ್ಪ್ಯಾರೋ ಕೊಳವೆ ಹರಿವಿಗೆಂದು ಚೊಕ್ಕವಾಗಿ ಬರೆದಿಟ್ಟರು. ಒತ್ತಡವನ್ನು ಎರಡು ಪಾಲು ಮಾಡಿ: ನೇರವಾಗಿ ಇಳಿಯುವ ಒಂದು ಪಾಲು, ಮನೆಮನೆಯ ಸುತ್ತ ಏರಿಳಿಯುವ ಇನ್ನೊಂದು ಪಾಲು. ಎರಡನೆಯದು ಮಾತ್ರ ಆವರ್ತಕ. ಮೊದಲನೆಯದನ್ನು ಪ್ರತಿ ಕೋಶದ ಮೇಲೂ ಸಮವಾಗಿ ಬೀಳುವ ಬಲ ಎಂದು ಸಮೀಕರಣದಲ್ಲಿ ಬೇರೆಯಾಗಿ ಸೇರಿಸುತ್ತೇವೆ.

ಆ ಬಲವನ್ನು ಸ್ಥಿರವಾಗಿ ಹಿಡಿದು ವೇಗ ಎಷ್ಟು ಬಂದೀತೆಂದು ಕಾಯಬಹುದು, ಇಲ್ಲವೆ ಸರಾಸರಿ ವೇಗ ಸೆಕೆಂಡಿಗೆ 3 ಮೀಟರ್ ಎಂದು ಹಿಡಿದು ಬಲವನ್ನು ಹೆಜ್ಜೆ ಹೆಜ್ಜೆಗೂ ತಿದ್ದಬಹುದು. ಮೊದಲನೆಯದು ನೆಲೆಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಎರಡನೆಯದು ಬೇಗ. ಯಾವುದನ್ನು ಹಿಡಿದರೂ ನೆಲೆಗೆ ಬಂದ ಮೇಲೆ ಒಂದು ತಾಳೆ ನೋಡಲೇಬೇಕು: ಮನೆ, ನೆಲ ಎಲ್ಲದರ ಮೇಲಿನ ಒಟ್ಟು ಎಳೆತ, ಬಲವನ್ನು ಗಾಳಿಯ ಗಾತ್ರದಿಂದ ಗುಣಿಸಿದ್ದಕ್ಕೆ ಸಮ ಇರಬೇಕು. ಗಾಳಿಯ ಗಾತ್ರ ಎಂದೆ, ಪೆಟ್ಟಿಗೆಯ ಗಾತ್ರ ಎನ್ನಲಿಲ್ಲ. ಮನೆಗಳು ತಿಂದ ಜಾಗವನ್ನು ಕಳೆಯಬೇಕು.

ಇದರ ಜೊತೆಗೆ ಬರುವ ಇನ್ನೊಂದು ತಕರಾರು: ಸುತ್ತಲೂ ಆವರ್ತಕ ಅಂಚುಗಳಿದ್ದರೆ ಒತ್ತಡದ ಮಟ್ಟಕ್ಕೆ ಆಧಾರವೇ ಇರುವುದಿಲ್ಲ. ಎಲ್ಲ ಕೋಶಕ್ಕೂ 100 ಕೂಡಿಸಿದರೂ ಸಮೀಕರಣ ಒಪ್ಪುತ್ತದೆ. ಒಂದು ಕೋಶಕ್ಕೆ ಸೊನ್ನೆ ಎಂದು ಕಟ್ಟಿಹಾಕಿ, ಅಥವಾ ಸರಾಸರಿ ಸೊನ್ನೆ ಎನ್ನಿ. ಇಲ್ಲದಿದ್ದರೆ ಸಾಲ್ವರ್ ಸುಮ್ಮನೆ ಸುತ್ತು ಹೊಡೆಯುತ್ತದೆ.

ಆದರೆ ಈ ಏರ್ಪಾಡಿನಿಂದ ಒಂದು ದೊಡ್ಡ ಲಾಭವಿದೆ. ಮುಂಗಾರಿನಲ್ಲಿ ಬೆಂಗಳೂರಿಗೆ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ. ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಒಳಬಾಗಿಲು ಹೊರಬಾಗಿಲು ಇರುವ ಮೆಶ್ ಆಗಿದ್ದರೆ ದಿಕ್ಕು ಬದಲಾದಾಗ ಅಂಚುಗಳನ್ನೆಲ್ಲ ಮತ್ತೆ ಬರೆಯಬೇಕು. ಇಲ್ಲಿ ಬಲದ ದಿಕ್ಕು ತಿರುಗಿಸಿದರೆ ಸಾಕು, ಮೆಶ್ ಮುಟ್ಟುವುದೇ ಬೇಡ.

ರಾಮನ್ ಒಪ್ಪದ ಅಂಚು

ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು, ಅದರ ಮೇಲೆ ಬೆಂಗಳೂರಿನಿಂದಲೇ ಒಂದು ದೊಡ್ಡ ವಾದ ನಡೆದಿದೆ. ಆಗ ಕಂಪ್ಯೂಟರ್ ಇರಲಿಲ್ಲ, ಮೆಶ್ ಎಂದರೆ ಪರಮಾಣುಗಳ ಸಾಲು.

ಸ್ಫಟಿಕದ ಕಂಪನಗಳನ್ನು ಎಣಿಸಲು ಮ್ಯಾಕ್ಸ್ ಬಾರ್ನ್ ಮತ್ತು ಥಿಯೊಡರ್ ಫಾನ್ ಕಾರ್ಮಾನ್ 1912ರಲ್ಲಿ ಒಂದು ಉಪಾಯ ಮಾಡಿದರು. ಸ್ಫಟಿಕದ ಹೊರಮೈ ಗೋಜಲಿನದು. ಅದನ್ನು ಬಿಟ್ಟು, ಇಷ್ಟು ಘಟಕಗಳ ನಂತರ ಮೊದಲಿನದೇ ಮತ್ತೆ ಬರುತ್ತದೆ ಎಂದು ಹಿಡಿದರು. ಇಂದಿನ ಪೀರಿಯಾಡಿಕ್ ಬೌಂಡರಿಯ ಮೂಲ ಅಲ್ಲಿದೆ. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇದ್ದರು. ಬಾರ್ನ್ ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ನೋಡಿದರು, ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. 1940ರ ದಶಕದಲ್ಲಿ ಇದೇ ರಾಮನ್ ಇದೇ ಬಾರ್ನ್ ಅವರ ಅಂಚಿನ ಷರತ್ತನ್ನು ಕಟುವಾಗಿ ಅಲ್ಲಗಳೆದರು. ಸ್ಫಟಿಕ ಹಾಗೆ ತನ್ನ ಬಾಲ ತಾನೇ ಕಚ್ಚಿಕೊಂಡಿರುವುದಿಲ್ಲ ಎಂಬುದು ಅವರ ವಾದದ ತಿರುಳು. ಅವರ ಪ್ರಕಾರ ಪಕ್ಕಪಕ್ಕದ ಘಟಕಗಳ ಪರಮಾಣುಗಳು ಒಂದೇ ದಿಕ್ಕಿಗೋ, ಸರಿಯಾಗಿ ಎದುರು ದಿಕ್ಕಿಗೋ ಅಲುಗುತ್ತವೆ. ಹಾಗಾಗಿ ಮೂರೂ ದಿಕ್ಕಿನಲ್ಲಿ ಎರಡೆರಡು ಘಟಕದ ಒಂದು ಗಡ್ಡೆ ನೋಡಿದರೆ ಸಾಕು. ಘಟಕದಲ್ಲಿರುವ ಪರಮಾಣುಗಳನ್ನು 24ರಿಂದ ಗುಣಿಸಿ 3 ಕಳೆದರೆ ಕಂಪನಗಳ ಸಂಖ್ಯೆ. ವಜ್ರದ ಘಟಕದಲ್ಲಿ ಎರಡು ಪರಮಾಣು, ಆದ್ದರಿಂದ 45. ಸಮಮಿತಿಯಿಂದ ಹಲವು ಒಂದಾಗಿ ಬೆರಳೆಣಿಕೆಯ ಆವರ್ತಾಂಕಗಳು ಉಳಿಯುತ್ತವೆ. ಬಾರ್ನ್ ಲೆಕ್ಕದಲ್ಲಿ ಆವರ್ತಾಂಕಗಳು ಒಂದಕ್ಕೊಂದು ಅಂಟಿಕೊಂಡ ಪಟ್ಟಿ.

ಸಿಮ್ಯುಲೇಷನ್ ಮಾಡುವವರ ಕಣ್ಣಿನಿಂದ ನೋಡಿದರೆ ರಾಮನ್ ಅವರದೂ ಒಂದು ಪೀರಿಯಾಡಿಕ್ ಪೆಟ್ಟಿಗೆಯೇ, 2×2×2ರ ಪುಟ್ಟ ಪೆಟ್ಟಿಗೆ. ಆವರ್ತಕ ಪೆಟ್ಟಿಗೆಯಲ್ಲಿ ಬದುಕುವ ಅಲೆಗಳೆಂದರೆ ಅದರ ಉದ್ದ, ಉದ್ದದ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು, ಹೀಗೆ. ಪೆಟ್ಟಿಗೆ ಎರಡು ಘಟಕದ್ದಾದರೆ ಅದರಾಚೆಯ ಉದ್ದದ ಅಲೆಗಳಿಗೆ ಜಾಗವೇ ಇಲ್ಲ. ಪೆಟ್ಟಿಗೆ ದೊಡ್ಡದಾದಂತೆ ನಡುವಿನ ಅಲೆಗಳು ತುಂಬಿಕೊಳ್ಳುತ್ತವೆ, ಕೊನೆಗೆ ಪಟ್ಟಿಯಾಗುತ್ತದೆ. ಸ್ಫಟಿಕ ಸಾಕಷ್ಟು ದೊಡ್ಡದಿದ್ದರೆ ಅಂಚಿನಲ್ಲಿ ಏನು ಷರತ್ತು ಹಾಕಿದರೂ ಕಂಪನಗಳ ಹಂಚಿಕೆ ಬದಲಾಗದು ಎಂದು 1944ರಲ್ಲಿ ವಾಲ್ಟರ್ ಲೆಡರ್‌ಮನ್ ಸಾಧಿಸಿ ತೋರಿಸಿದರು. 1950ರ ದಶಕದ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಕಡೆಗೆ ತೀರ್ಪು ಕೊಟ್ಟವು. ಹಾಗೆಂದು ಸ್ಫಟಿಕಗಳ ವರ್ಣಪಟಲದಲ್ಲಿ ರಾಮನ್ ಕಂಡ ಚೂಪು ಗೆರೆಗಳು ಭ್ರಮೆಯಾಗಿರಲಿಲ್ಲ. ಆ ಪಟ್ಟಿಯಲ್ಲೂ ಕೆಲವು ಆವರ್ತಾಂಕಗಳ ಬಳಿ ಕಂಪನಗಳು ಗುಂಪುಗಟ್ಟುತ್ತವೆ ಎಂದು 1953ರಲ್ಲಿ ಫಾನ್ ಹೋವೆ ವಿವರಿಸಿದರು.

ಗಾಳಿಯ ಪೆಟ್ಟಿಗೆಗೂ ಇದೇ ನಿಯಮ. ನಮ್ಮ 134 ಮೀಟರಿನಲ್ಲಿ 134, 67, 45 ಮೀಟರಿನ ಅಲೆಗಳಿಗೆ ಜಾಗವಿದೆ; 100 ಮೀಟರಿನದಕ್ಕೆ ಇಲ್ಲ, 200ರದ್ದಕ್ಕೆ ಮೊದಲೇ ಇಲ್ಲ. ಒಂದೇ ಸಾಲು ಮನೆ ಇಟ್ಟು 33.5 ಮೀಟರಿನಲ್ಲಿ ಮುಗಿಸಬಹುದಿತ್ತಲ್ಲ, ನಾಲ್ಕು ಸಾಲು ಯಾಕೆ ಎಂದರೆ ಇದಕ್ಕೆ. ಕಟ್ಟಡ ಪುನರಾವರ್ತನೆಯಾಗುವ ಅಳತೆ ಬೇರೆ, ಸುಳಿ ಪುನರಾವರ್ತನೆಯಾಗುವ ಅಳತೆ ಬೇರೆ. ಮೂರು ಮಹಡಿಯ ಮನೆ ಹತ್ತು ಮೀಟರ್ ಎತ್ತರವಿದ್ದರೆ ಮಾಳಿಗೆಗಳ ಮೇಲಿನ ಉದ್ದನೆಯ ಸುಳಿಗಳು ಅದರ ಹಲವು ಪಟ್ಟು ಚಾಚಿರುತ್ತವೆ. ಅವು ಪೆಟ್ಟಿಗೆಯಲ್ಲಿ ಹಿಡಿಯದಿದ್ದರೆ ಸುಳಿ ತನ್ನ ಬಾಲವನ್ನೇ ಬೆನ್ನಟ್ಟುತ್ತದೆ. ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು ನೋಡುವ ದಾರಿ ಇದೆ: ಎರಡು ಬಿಂದುಗಳ ವೇಗದ ಏರಿಳಿತ ಒಂದಕ್ಕೊಂದು ಎಷ್ಟು ಹೊಂದುತ್ತದೆ ಎಂದು ದೂರದ ಲೆಕ್ಕದಲ್ಲಿ ಬರೆದರೆ, ಪೆಟ್ಟಿಗೆಯ ಅರ್ಧ ದೂರ ತಲುಪುವಷ್ಟರಲ್ಲಿ ಆ ಹೊಂದಿಕೆ ಸೊನ್ನೆಗೆ ಇಳಿದಿರಬೇಕು. 1987ರಲ್ಲಿ ಕಿಮ್, ಮೊಯಿನ್ ಮತ್ತು ಮೋಸರ್ ಎರಡು ಗೋಡೆಗಳ ನಡುವಿನ ಹರಿವನ್ನು ಸುಮಾರು 40 ಲಕ್ಷ ಬಿಂದುಗಳಲ್ಲಿ ಲೆಕ್ಕ ಹಾಕಿದಾಗ ಇದನ್ನೇ ತೋರಿಸಿ ಪೆಟ್ಟಿಗೆಯ ಅಳತೆಯನ್ನು ಸಮರ್ಥಿಸಿಕೊಂಡರು. ನಾಲ್ಕು ವರ್ಷದ ಮೇಲೆ ಹಿಮೆನೆಸ್ ಮತ್ತು ಮೊಯಿನ್ ತಿರುಗಿ ಕೇಳಿದರು: ಎಷ್ಟು ಸಣ್ಣದು ಮಾಡಬಹುದು? ಕಿರಿದು ಮಾಡುತ್ತ ಹೋದರೆ ಒಂದು ಹಂತದಲ್ಲಿ ಪ್ರಕ್ಷುಬ್ಧತೆಯೇ ಆರಿಹೋಗಿ ಹರಿವು ನುಣ್ಣಗಾಗುತ್ತದೆ.

ಗಾಳಿ ಸರಿಯಾಗಿ ಕ್ರಾಸಿನ ದಿಕ್ಕಿನಲ್ಲೇ ಬೀಸಿದರೆ ಮತ್ತೊಂದು ಪೇಚು. ಒಂದು ರಸ್ತೆಯಿಂದ ಹೊರಟದ್ದು ಅದೇ ರಸ್ತೆಗೆ ಮರಳಿ ಬಂದು, ವೇಗದ ಪಟ್ಟೆಗಳು ಅಲ್ಲೇ ಬೇರು ಬಿಡುತ್ತವೆ. 2016ರಲ್ಲಿ ಮಂಟರ್ಸ್, ಮೆನೆವೊ ಮತ್ತು ಮೇಯರ್ಸ್ ಸೂಚಿಸಿದ ಉಪಾಯವೆಂದರೆ ಮರಳಿ ಸೇರಿಸುವಾಗ ಸ್ವಲ್ಪ ಅಡ್ಡಕ್ಕೆ ಸರಿಸಿ ಸೇರಿಸುವುದು. ಮನೆಗಳಿರುವಾಗ ಮನಸ್ಸಿಗೆ ಬಂದಷ್ಟು ಸರಿಸಲಾಗದು. ನಮ್ಮ ಪೆಟ್ಟಿಗೆಯಲ್ಲಿ ಸರಿಯಾಗಿ 33.528 ಮೀಟರ್, ಅಂದರೆ ಒಂದು ಸಾಲು ಸರಿಸಿದರೆ ರಸ್ತೆಗೆ ರಸ್ತೆ, ಗೋಡೆಗೆ ಗೋಡೆ ಕೂಡುತ್ತದೆ.

ಸುತ್ತುವ ಯಂತ್ರಗಳು

ಸೀಲಿಂಗ್ ಫ್ಯಾನಿಗೆ ಮೂರು ರೆಕ್ಕೆ. ಒಂದು ರೆಕ್ಕೆ, 120 ಡಿಗ್ರಿಯ ಒಂದು ಹೋಳು ಸಾಕು ಅನಿಸುತ್ತದೆ. ಇಲ್ಲಿ ಅಂಚು ಸರಿಯುವುದಿಲ್ಲ, ತಿರುಗುತ್ತದೆ. ಒತ್ತಡ, ಉಷ್ಣತೆಗಳನ್ನು ಹಾಗೇ ನಕಲು ಮಾಡಬಹುದು. ವೇಗಕ್ಕೆ ದಿಕ್ಕಿದೆ. ಒಂದು ಅಂಚಿನಿಂದ ಪೂರ್ವಕ್ಕೆ ಸೆಕೆಂಡಿಗೆ 1 ಮೀಟರ್ ಹೊರಟ ಗಾಳಿ ಇನ್ನೊಂದು ಅಂಚಿನಲ್ಲಿ ಒಳಬರುವಾಗ ಪೂರ್ವಕ್ಕೆ ಮೈನಸ್ 0.5, ಉತ್ತರಕ್ಕೆ 0.866 ಆಗಿರಬೇಕು. ಇದನ್ನು ತಿರುಗಿಸದೆ ನಕಲು ಮಾಡಿದ ಕೋಡು ಕುಸಿದು ಬೀಳುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಇನ್ನೂ ಒಂದು ಮಾತು: ನಿಮ್ಮ ಕೋಣೆ ಚೌಕ. ಗೋಡೆಗಳನ್ನೂ ಸೇರಿಸಿ ಲೆಕ್ಕ ಹಾಕುವುದಾದರೆ ಮೂರರ ಆವರ್ತನೆ ಅಲ್ಲಿಗೆ ಮುಗಿಯಿತು.

ಜೆಟ್ ಎಂಜಿನಿನ ಲೆಕ್ಕದಲ್ಲಿ ಹೋಳು ಕತ್ತರಿಸುವುದು ನಿತ್ಯದ ಕೆಲಸ. ನಿಂತ ಚಕ್ರದಲ್ಲಿ 30 ಬ್ಲೇಡು, ತಿರುಗುವ ಚಕ್ರದಲ್ಲಿ 42 ಇದ್ದರೆ ಎರಡಕ್ಕೂ ಸಾಮಾನ್ಯ ಭಾಜಕ 6. ಆದ್ದರಿಂದ 60 ಡಿಗ್ರಿಯ ಹೋಳು, ಅದರಲ್ಲಿ 5 ಮತ್ತು 7. ಆದರೆ ಕಂಪನ ಕೂಡಿಬರಬಾರದೆಂದು ವಿನ್ಯಾಸಕರು ಬೇಕೆಂದೇ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆ ಹಿಡಿಯುತ್ತಾರೆ, 31 ಮತ್ತು 42 ಎಂಬಂತೆ. ಆಗ ಇಡೀ ಚಕ್ರವನ್ನೇ ಹಾಕಬೇಕು, ಇಲ್ಲವೇ ಅಂದಾಜಿನ ದಾರಿ ಹಿಡಿಯಬೇಕು. ಬೆಂಗಳೂರಿನಲ್ಲಿ ಜೆಟ್ ಎಂಜಿನ್ ವಿನ್ಯಾಸ ನಡೆಯುವ ಜಿಟಿಆರ್‌ಇ ಇರುವ ಬಡಾವಣೆಯ ಹೆಸರು ಸಿ.ವಿ. ರಾಮನ್ ನಗರ ಎನ್ನುವುದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ತಮಾಷೆ.

ಪರೀಕ್ಷೆ, ಮತ್ತು ಎಲ್ಲಿ ಬೇಡ

ಕೋಡು ಸರಿಯಿದೆಯೇ ಎಂದು ನೋಡಲು ಒಂದು ಸುಳಿಯನ್ನು ಸಮವೇಗದ ಗಾಳಿಯಲ್ಲಿ ಬಿಟ್ಟು ಅಂಚು ದಾಟಿಸಿ. ಒಂದು ಸುತ್ತು ಹೊಡೆದು ಹೊರಟ ಜಾಗಕ್ಕೆ ಬಂದಾಗ ಸ್ವಲ್ಪ ಮಾಸಿರಬಹುದು, ಆಕಾರ ಮುರಿದಿರಬಾರದು. ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ. ಶುರುವಿನ ಸ್ಥಿತಿಯನ್ನೂ ಕಟ್ಟಡಗಳನ್ನೂ ಐದು ಕೋಶ ಬಲಕ್ಕೆ ಸರಿಸಿ, ಅದೇ ಲೆಕ್ಕ ಮತ್ತೆ ಓಡಿಸಿ, ಉತ್ತರವನ್ನು ಐದು ಕೋಶ ಎಡಕ್ಕೆ ಸರಿಸಿ ಮೊದಲಿನದರಿಂದ ಕಳೆಯಿರಿ. ಮೊದಲ ಕೆಲವು ಹೆಜ್ಜೆಗಳಲ್ಲಿ ಸುತ್ತಿನ ದೋಷ ಬಿಟ್ಟು ಏನೂ ಉಳಿಯಬಾರದು. ಆಮೇಲೆ ಪ್ರಕ್ಷುಬ್ಧ ಹರಿವು ಆ ಸಣ್ಣ ದೋಷವನ್ನೇ ಹಿಗ್ಗಿಸುತ್ತದೆ, ಅದು ಕೋಡಿನ ತಪ್ಪಲ್ಲ. ಮೊದಲ ಹೆಜ್ಜೆಯಲ್ಲೇ ಅಂಚಿನಲ್ಲೊಂದು ಗೆರೆ ಎದ್ದರೆ ಮೇಲೆ ಹೇಳಿದ ದೂರ, ಮೂಲೆ, ಜೋಡಿ, ಈ ಮೂರರಲ್ಲಿ ಒಂದು ಕೆಟ್ಟಿದೆ.

ಇನ್ನು ಬಳಸಬಾರದ ಜಾಗ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ ಬಿಟಿಎಂ ಲೇಔಟಿನ ಒಳಗೆ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು ಇನ್ನೂರು ಮೀಟರಿನ ಪೀರಿಯಾಡಿಕ್ ಪೆಟ್ಟಿಗೆ ಹಾಕಿದರೆ ಆ ಪೆಟ್ಟಿಗೆಯ ಆಚೆಗೆ ಇನ್ನೂರು ಮೀಟರಿಗೊಂದು ಸಿಲ್ಕ್ ಬೋರ್ಡ್ ಇದೆ ಎಂದ ಹಾಗಾಯಿತು, ದಿಗಂತದವರೆಗೆ. ನಿಜದ ಸಿಲ್ಕ್ ಬೋರ್ಡ್ ಒಂದೇ ಸಾಕಾಗಿದೆ. ಹೊಗೆ ಹೊರಗೆ ಹೋಗದೆ ಸುತ್ತಿ ಸುತ್ತಿ ಬಂದು ಮಟ್ಟ ಏರುತ್ತಲೇ ಇರುತ್ತದೆ. ಗಾಳಿಗೆ ಆವರ್ತಕ ಅಂಚು ಇಟ್ಟುಕೊಂಡು, ಹೊಗೆಗೆ ಮಾತ್ರ ಒಳಬರುವ ಅಂಚಿನಲ್ಲಿ ಸೊನ್ನೆ ಎಂದು ಬರೆಯುವುದು ಚಾಲ್ತಿಯಲ್ಲಿರುವ ರಾಜಿ. ಒಂಟಿಯಾಗಿ ಎದ್ದ ಅಪಾರ್ಟ್‌ಮೆಂಟ್ ಗೋಪುರಕ್ಕೂ ಇದು ಸಲ್ಲದು. ಅದರ ಹಿಂದಿನ ಸುಳಿ ಸುತ್ತಿ ಬಂದು ಅದರ ಮುಖಕ್ಕೇ ಬಡಿಯುತ್ತದೆ.

ಕೊನೆಯಲ್ಲಿ ಬರುತ್ತೇನೆ ಎಂದಿದ್ದ ನಿಜದ ಜಯನಗರಕ್ಕೆ ಈಗ ಬರೋಣ. ಅಲ್ಲಿ 60×40ರ ಸೈಟುಗಳಿವೆ, ಪಾರ್ಕುಗಳಿವೆ, 4ನೇ ಬ್ಲಾಕಿನ ಕಾಂಪ್ಲೆಕ್ಸ್ ಇದೆ, ಒಂದು ಪಕ್ಕದಲ್ಲಿ ಲಾಲ್‌ಬಾಗ್ ಇದೆ. ಆವರ್ತನೆ ಎಲ್ಲಿಯೂ ಪೂರ್ತಿಯಿಲ್ಲ. ಇಂಥ ನಕ್ಷೆಗೆ ಒಳಬಾಗಿಲು ಹೊರಬಾಗಿಲೇ ಬೇಕು, ಆದರೆ ಒಳಬಾಗಿಲಿನಲ್ಲಿ ನುಣ್ಣನೆಯ ಗಾಳಿ ಬಿಟ್ಟರೆ ಮೊದಲ ಕೆಲವು ಬೀದಿಗಳ ಉತ್ತರ ಸುಳ್ಳು. ಆದ್ದರಿಂದ ಎರಡು ಲೆಕ್ಕ ಓಡಿಸುತ್ತಾರೆ. ಪಕ್ಕದಲ್ಲಿ ನಮ್ಮ 78 ಲಕ್ಷ ಕೋಶದಂಥ ಪೀರಿಯಾಡಿಕ್ ಪೆಟ್ಟಿಗೆ ಇಟ್ಟು, ಅದು ನೆಲೆಗೆ ಬಂದ ಮೇಲೆ ಗಾಳಿಗೆ ಅಡ್ಡವಾದ ಒಂದು ಸಮತಲದ ವೇಗಗಳನ್ನು ಹೆಜ್ಜೆ ಹೆಜ್ಜೆಗೂ ಡಿಸ್ಕಿಗೆ ಬರೆದುಕೊಂಡು, ಅದನ್ನೇ ನಿಜದ ನಕ್ಷೆಯ ಒಳಬಾಗಿಲಿಗೆ ಉಣಿಸುತ್ತಾರೆ. ಬರೆದುಕೊಳ್ಳುವ ಅವಧಿ, ಗಾಳಿ ಪೆಟ್ಟಿಗೆಯನ್ನು ಹತ್ತಾರು ಸಲ ದಾಟುವಷ್ಟು ಇರಲಿ. ಸಾಲದೆ ಬಂದು ಅದೇ ತುಣುಕನ್ನು ಮರಳಿ ಮರಳಿ ಉಣಿಸಿದರೆ ಈ ಸಲ ಆವರ್ತನೆ ಕಾಲದಲ್ಲಿ ನುಗ್ಗುತ್ತದೆ, ಗಾಳಿಯ ವೇಗದ ತರಂಗಪಟ್ಟಿಯಲ್ಲಿ ಆ ತುಣುಕಿನ ಅವಧಿಗೆ ಸರಿಯಾಗಿ ಒಂದು ಮೊನೆ ಎದ್ದು ನಿಲ್ಲುತ್ತದೆ.